ಬಿಸಿಲಿನ ಮೇಲೆ ಹೊರಿಸುವ ಕಾಯಿಲೆ

ಗುಂಡಗುರ್ತಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಕಲಬುರಗಿ ಜಿಲ್ಲೆಯ ಕಾಗಿಣಾ ನದಿಯ ಆಸುಪಾಸಿನ ಈ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಎಲ್ಲ ಸಂಕಟಕ್ಕೂ ಒಂದೇ ಕಾರಣ, ಬಿಸಿಲು. ಪಾದರಸ 42 ಡಿಗ್ರಿ ದಾಟುವ ಊರುಗಳಲ್ಲಿ ಅದು ಸುಳ್ಳೂ ಅಲ್ಲ. ತಲೆ ಸುತ್ತಿದರೆ ಬಿಸಿಲು, ಊಟ ಸೇರದಿದ್ದರೆ ಬಿಸಿಲು, ಫರ್ಸಿ ಕಲ್ಲಿನ ಗಣಿಗೆ ಹೋದವನು ಮಧ್ಯಾಹ್ನಕ್ಕೇ ಕುಸಿದು ಕೂತರೆ ಬಿಸಿಲು. ಮೈಬಣ್ಣ ಕಪ್ಪಾಗುತ್ತ ಹೋದರಂತೂ ಎರಡನೆಯ ಮಾತೇ ಇಲ್ಲ. "ಬಿಸಲಾಗ ದುಡಿತಾನ್ರಿ, ಅದಕ್ಕ ಕರ್ರಗಾಗ್ಯಾನ" ಎಂದು ಮನೆಯವರೇ ಹೇಳಿಬಿಡುತ್ತಾರೆ.

ಬಹುಪಾಲು ಸಲ ಅವರ ಮಾತು ಸರಿ. ಆದರೆ ಕೆಲವರ ವಿಷಯದಲ್ಲಿ ಮಳೆಗಾಲ ಬಂದರೂ ಸುಸ್ತು ಹೋಗುವುದಿಲ್ಲ. ತೂಕ ಇಳಿಯುತ್ತಲೇ ಇರುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಜೋಳದ ರೊಟ್ಟಿ ಬೇಡ, ಪುಂಡಿ ಪಲ್ಯ ಬೇಡ, ಆದರೆ ಉಪ್ಪಿನಕಾಯಿ ಮಾತ್ರ ಬೇಕು. ಬರೀ ಉಪ್ಪಿನ ಹರಳನ್ನು ಬಾಯಿಗೆ ಹಾಕಿಕೊಳ್ಳುವವರೂ ಇದ್ದಾರೆ. ಇಂಥವರ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಬೇಕು. ಅಂಗೈಯ ಗೆರೆಗಳು ಶಾಯಿಯಲ್ಲಿ ತಿದ್ದಿದ ಹಾಗೆ ಕಪ್ಪಾಗಿರುತ್ತವೆ. ಬೆರಳಿನ ಗೆಣ್ಣು, ಮೊಣಕೈ, ಹಳೆಯ ಗಾಯದ ಕಲೆ, ನಡುವಿಗೆ ಉಡುದಾರ ಒತ್ತುವ ಜಾಗ, ಇವೆಲ್ಲ ಸುತ್ತಲಿನ ಚರ್ಮಕ್ಕಿಂತ ಗಾಢವಾಗಿರುತ್ತವೆ. ಬಾಯಿ ತೆರೆಸಿದರೆ ಕೆನ್ನೆಯ ಒಳಬದಿಯಲ್ಲಿ, ನಾಲಿಗೆಯ ಅಂಚಿನಲ್ಲಿ, ವಸಡಿನಲ್ಲಿ ಕಪ್ಪು ಮಚ್ಚೆಗಳು ಕಾಣಿಸುತ್ತವೆ.

ಬಿಸಿಲು ಬಾಯಿಯೊಳಗೆ ಹೋಗುವುದಿಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು, ಒಂದು ಅಪರೂಪದ ಆದರೆ ಪ್ರಾಣಾಂತಿಕ ಕಾಯಿಲೆಯ ಮೊದಲ ಸುಳಿವು ಸಿಕ್ಕಂತೆ. ನಮ್ಮ ಮೈಬಣ್ಣದವರಲ್ಲಿ ವಸಡು ಸ್ವಲ್ಪ ಕಪ್ಪಗಿರುವುದು ಸಹಜ ಎಂಬುದೂ ನಿಜ. ಆದ್ದರಿಂದ ಕೇಳಬೇಕಾದದ್ದು "ಕಪ್ಪಗಿದೆಯೇ" ಎಂದಲ್ಲ, "ಹೊಸದಾಗಿ ಕಪ್ಪಾಯಿತೇ" ಎಂದು. ನಾಲ್ಕೈದು ವರ್ಷದ ಹಿಂದಿನ ಫೋಟೊವನ್ನು ಮುಖದ ಪಕ್ಕ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ. ಒಡಹುಟ್ಟಿದವರನ್ನು ಪಕ್ಕದಲ್ಲಿ ನಿಲ್ಲಿಸಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಈ ಚಿಹ್ನೆಗಳನ್ನೆಲ್ಲ ಒಂದುಗೂಡಿಸಿ ಮೊದಲ ಬಾರಿಗೆ ಬರೆದವರು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್, 1855ರಲ್ಲಿ. ನಿಶ್ಶಕ್ತಿ, ಕ್ಷೀಣವಾದ ನಾಡಿ, ಹೊಟ್ಟೆಯ ತೊಂದರೆ, ವಿಚಿತ್ರವಾಗಿ ಕಪ್ಪಾಗುವ ಚರ್ಮ. ಇಂಥ ಹನ್ನೊಂದು ಮಂದಿ ರೋಗಿಗಳ ವಿವರವನ್ನು ಅವರು ಪ್ರಕಟಿಸಿದರು. ಸತ್ತ ಮೇಲೆ ದೇಹ ಕೊಯ್ದು ನೋಡಿದಾಗ ಕೆಟ್ಟಿದ್ದದ್ದು ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಚಿಕ್ಕ ಗ್ರಂಥಿ. ಹಲವರಲ್ಲಿ ಅದನ್ನು ಕೆಡಿಸಿದ್ದದ್ದು ಕ್ಷಯ. ಮರುವರ್ಷವೇ ಫ್ರಾನ್ಸಿನ ಬ್ರೌನ್ ಸೆಕಾರ್ ಪ್ರಾಣಿಗಳಿಂದ ಆ ಎರಡೂ ಗ್ರಂಥಿಗಳನ್ನು ತೆಗೆದುಹಾಕಿ, ಅವಿಲ್ಲದೆ ಪ್ರಾಣಿ ಬದುಕುವುದಿಲ್ಲ ಎಂದು ತೋರಿಸಿಕೊಟ್ಟರು. ಅಡಿಸನ್ ಕಾಯಿಲೆ ಎಂಬ ಹೆಸರು ಇವತ್ತಿಗೂ ಉಳಿದಿದೆ.

ಅಡ್ರಿನಲ್ ಎಂಬ ಆ ಗ್ರಂಥಿಗಳು ಎರಡು. ಬಲಕಿಡ್ನಿಯ ಮೇಲೆ ತ್ರಿಕೋನಾಕಾರದ್ದೊಂದು, ಎಡಗಡೆ ಅರ್ಧಚಂದ್ರದಂಥದ್ದೊಂದು. ಒಂದೊಂದರ ತೂಕ ನಾಲ್ಕೈದು ಗ್ರಾಂ ಮಾತ್ರ. ಒಳತಿರುಳು ತಯಾರಿಸುವುದು ಅಡ್ರಿನಲಿನ್. ಹಾವು ಕಂಡಾಗ ಎದೆ ಹೊಡೆದುಕೊಳ್ಳುವಂತೆ ಮಾಡುವುದು ಅದೇ. ಹೊರಪದರದ ಕೆಲಸ ಅಷ್ಟು ಸದ್ದು ಮಾಡುವುದಿಲ್ಲ, ಆದರೆ ಜೀವ ನಿಂತಿರುವುದು ಅದರ ಮೇಲೆ. ಅದು ಮೂರು ಬಗೆಯ ಹಾರ್ಮೋನುಗಳನ್ನು ಮಾಡುತ್ತದೆ. ಆಲ್ಡೋಸ್ಟಿರೋನ್ ದೇಹದ ಉಪ್ಪು ಮೂತ್ರದಲ್ಲಿ ಹರಿದುಹೋಗದಂತೆ ತಡೆಯುತ್ತದೆ. ಕಾರ್ಟಿಸಾಲ್ ರಕ್ತದೊತ್ತಡ ಬೀಳದಂತೆ, ಸಕ್ಕರೆ ಇಳಿಯದಂತೆ ನೋಡಿಕೊಳ್ಳುತ್ತದೆ. ಜ್ವರ, ಅಪಘಾತ, ಆಪರೇಶನ್ ಬಂದಾಗ ದೇಹವನ್ನು ಎತ್ತಿ ನಿಲ್ಲಿಸುವುದೂ ಕಾರ್ಟಿಸಾಲೇ. ಮೂರನೆಯವು ಗಂಡುತನದ ಲಕ್ಷಣಗಳಿಗೆ ಸಂಬಂಧಿಸಿದ ಹಾರ್ಮೋನುಗಳು.

ಕಾರ್ಟಿಸಾಲ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳಗಿನ ಎಂಟರ ಹೊತ್ತಿಗೆ ಹೆಚ್ಚು, ನಡುರಾತ್ರಿಗೆ ಕನಿಷ್ಠ. ಇದನ್ನು ನಡೆಸುವ ಯಜಮಾನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಅಲ್ಲಿಂದ ಎಸಿಟಿಎಚ್ ಎಂಬ ಆಜ್ಞೆ ಬಂದರೆ ಅಡ್ರಿನಲ್ ಕೆಲಸ ಶುರುಮಾಡುತ್ತದೆ. ಅಡ್ರಿನಲ್ ಕೆಟ್ಟು ಕಾರ್ಟಿಸಾಲ್ ಬರದಿದ್ದಾಗ ಪಿಟ್ಯುಟರಿ ಮತ್ತೆ ಮತ್ತೆ, ಇನ್ನೂ ಜೋರಾಗಿ ಆಜ್ಞೆ ಕಳಿಸುತ್ತದೆ. ಆ ಆಜ್ಞೆಯ ಹಾರ್ಮೋನು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೂ ಕೆರಳಿಸುತ್ತದೆ. ಅಂಗೈಯ ಗೆರೆ ಕಪ್ಪಾಗುವುದು ಹೀಗೆ.

ಇಂಥ ರೋಗಿ ಚಿಕಿತ್ಸೆ ಹುಡುಕಿಕೊಂಡು ಹೋಗುವ ದಾರಿ ನಮ್ಮ ಭಾಗದಲ್ಲಿ ಬಹುಮಟ್ಟಿಗೆ ಒಂದೇ. ಮೊದಲು ಊರಿನಲ್ಲೇ ಮದ್ದು ಕೊಡುವ ಆರ್‌ಎಂಪಿ. "ಮೈಯಾಗ ಕಸುವಿಲ್ರಿ, ಒಂದ್ ಬಾಟ್ಲಿ ಏರಸ್ರಿ" ಎಂದು ರೋಗಿಯೇ ಕೇಳುತ್ತಾನೆ. ಸಲೈನ್ ಬಾಟ್ಲಿ ಏರುತ್ತದೆ. ಆಶ್ಚರ್ಯವೆಂದರೆ ಎರಡು ದಿನ ನಿಜಕ್ಕೂ ಆರಾಮಾಗುತ್ತದೆ. ಯಾಕೆಂದರೆ ಸಲೈನ್ ಎಂದರೆ ಉಪ್ಪು ಮತ್ತು ನೀರು, ದೇಹ ಕಳೆದುಕೊಂಡದ್ದೂ ಅದನ್ನೇ. ಬಾಟ್ಲಿಯ ಜೊತೆ ಡೆಕ್ಸಾಮೆಥಾಸೋನ್ ಸೂಜಿಯೂ ಸೇರಿದ್ದರೆ ಆರಾಮು ಇನ್ನೂ ಹೆಚ್ಚು. ಅದೂ ಸ್ಟೀರಾಯ್ಡೇ, ಕಾರ್ಟಿಸಾಲಿನ ಜಾಗದಲ್ಲಿ ನಿಂತು ಕೆಲಸ ಮಾಡುವ ಔಷಧ. ಮೂರನೆಯ ದಿನ ಮತ್ತೆ ಮೊದಲಿನ ಸ್ಥಿತಿ. ಪದೇ ಪದೇ ಬಾಟ್ಲಿಯಿಂದಲೇ ಚೇತರಿಸಿಕೊಂಡು ಪದೇ ಪದೇ ಬೀಳುವವರನ್ನು ಕಂಡರೆ ಆಶಾ ಕಾರ್ಯಕರ್ತೆಯಾಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಾಗಲಿ ಒಮ್ಮೆ ಅಡ್ರಿನಲ್ ಬಗ್ಗೆ ಯೋಚಿಸಬೇಕು. ಆ ಚೇತರಿಕೆಯೇ ಒಂದು ಸಾಕ್ಷ್ಯ.

ಗೊತ್ತುಮಾಡುವುದು ಈಗ ಕಷ್ಟವಲ್ಲ. ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು ಎಂದು ಬಂದರೆ ಸಂಶಯ ಬಲವಾಗುತ್ತದೆ. ಮುಂದಿನದು ಬೆಳಿಗ್ಗೆ ಎಂಟರ ಸುಮಾರಿಗೆ ತೆಗೆದ ರಕ್ತದಲ್ಲಿ ಕಾರ್ಟಿಸಾಲ್ ಪರೀಕ್ಷೆ. ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಗ್ರಂಥಿ ಸೋತಿದೆ ಎಂದೇ ಬಹುತೇಕ ಅರ್ಥ, 15ರಿಂದ 18 ದಾಟಿದರೆ ಚಿಂತೆಯಿಲ್ಲ. ನಡುವಿನವರಿಗೆ ಎಸಿಟಿಎಚ್ ಚುಚ್ಚುಮದ್ದು ಕೊಟ್ಟು ಗ್ರಂಥಿ ಏಳುತ್ತದೆಯೇ ಎಂದು ನೋಡುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಕಲಬುರಗಿ ತಲುಪಿ ಕೊಟ್ಟ ರಕ್ತದಿಂದ ಈ ಲೆಕ್ಕ ಸಿಗುವುದಿಲ್ಲ. ಹಿಂದಿನ ರಾತ್ರಿಯೇ ಹೋಗಿ ಉಳಿಯಬೇಕು, ಇಲ್ಲವೇ ಬೆಳಗಿನ ಮೊದಲ ಬಸ್ಸು ಹಿಡಿಯಬೇಕು. ಇಷ್ಟು ಸಣ್ಣ ವಿಷಯವನ್ನು ರೋಗಿಗೆ ಬಿಡಿಸಿ ಹೇಳದ ಕಾರಣ ಹಾಳಾಗುವ ಪರೀಕ್ಷೆಗಳು ಕಡಿಮೆಯೇನಲ್ಲ.

ಗ್ರಂಥಿ ಸೋತದ್ದು ಯಾಕೆ ಎಂಬುದು ಮುಂದಿನ ಪ್ರಶ್ನೆ. ಯುರೋಪ್, ಅಮೆರಿಕಗಳಲ್ಲಿ ಈಗ ಹೆಚ್ಚಿನವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತಪ್ಪಿ ಗ್ರಂಥಿಯ ಮೇಲೆ ಬೀಳುವುದು ಕಾರಣ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವ ನಮ್ಮ ದೇಶದಲ್ಲಿ ಅಡಿಸನ್ ಕಂಡ ಹಳೆಯ ಶತ್ರು ಇನ್ನೂ ಹೋಗಿಲ್ಲ. ಶ್ವಾಸಕೋಶದಲ್ಲಿ ಶುರುವಾದ ಕ್ಷಯ ರಕ್ತದ ಮೂಲಕ ಅಡ್ರಿನಲ್ ತಲುಪಿ ವರ್ಷಗಟ್ಟಲೆ ಅಲ್ಲೇ ಕೂತು ಅದನ್ನು ತಿನ್ನಬಹುದು. ಹಿಸ್ಟೊಪ್ಲಾಸ್ಮಾ ಎಂಬ ಶಿಲೀಂಧ್ರವೂ ಭಾರತದಲ್ಲಿ ಎರಡೂ ಅಡ್ರಿನಲ್‌ಗಳನ್ನು ಊದಿಸಿ ಕೆಡಿಸುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಊದಿದ ಅಥವಾ ಸುಣ್ಣಗಟ್ಟಿದ ಗ್ರಂಥಿ ಕಂಡರೆ, ಸೂಜಿಯಿಂದ ತುಣುಕು ತೆಗೆದು ಯಾವುದೆಂದು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕು. ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್. ಅದು ಯಕೃತ್ತನ್ನು ಚುರುಕುಗೊಳಿಸಿ ದೇಹದಲ್ಲಿರುವ ಕಾರ್ಟಿಸಾಲನ್ನು ಬೇಗ ಬೇಗ ಕರಗಿಸುತ್ತದೆ. ಮೊದಲೇ ಬಡವಾಗಿರುವ ಅಡ್ರಿನಲ್ ಇದ್ದವರು ಟಿಬಿ ಗುಳಿಗೆ ಶುರುಮಾಡಿದ ಮೇಲೆ ವಾಂತಿ, ಸುಸ್ತು, ರಕ್ತದೊತ್ತಡ ಕುಸಿತದಿಂದ ನೆಲ ಹಿಡಿಯಬಹುದು. ಆಗ ಮನೆಯವರು ಹೇಳುವುದು, "ಟಿಬಿ ಗುಳಗಿ ಹೀಟ್ ಆಗ್ಯಾದ, ಬಿಟ್ಟಬಿಡು." ಬಿಡಬೇಕಾದದ್ದು ಟಿಬಿ ಗುಳಿಗೆಯನ್ನಲ್ಲ, ಸೇರಿಸಬೇಕಾದದ್ದು ಸ್ಟೀರಾಯ್ಡನ್ನು. ಮೊದಲೇ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಆ ಪ್ರಮಾಣವನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಬೇಕಾಗಬಹುದು. ಇದೇ ರೀತಿ, ಥೈರಾಯ್ಡ್ ಕಡಿಮೆ ಎಂದು ಗುಳಿಗೆ ಆರಂಭಿಸುವ ಮುನ್ನ ಅಡ್ರಿನಲ್ ಸರಿಯಿದೆಯೇ ಎಂದು ನೋಡದಿದ್ದರೆ ಅದೂ ರೋಗಿಯನ್ನು ಕೆಡವಬಲ್ಲದು.

ಇಲ್ಲಿಯವರೆಗೆ ಹೇಳಿದ್ದು ಅಪರೂಪದ ಕಾಯಿಲೆ. ಇನ್ನು ಅಪರೂಪವಲ್ಲದ್ದಕ್ಕೆ ಬರೋಣ. ನಮ್ಮ ಹಳ್ಳಿಗಳಲ್ಲಿ ಅಡ್ರಿನಲ್ ಕೆಡುವುದಕ್ಕಿಂತ ಹೆಚ್ಚಾಗಿ ಅದನ್ನು ನಾವೇ ಮಲಗಿಸುತ್ತಿದ್ದೇವೆ.

1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಣ್ಣುಮಗಳಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. ಅಡ್ರಿನಲ್ ಹೊರಪದರದ ಹಾರ್ಮೋನುಗಳ ಸಂಶೋಧನೆಗಾಗಿ ಹೆಂಚ್, ಎಡ್ವರ್ಡ್ ಕೆಂಡಲ್, ಟಾಡಿಯಸ್ ರೈಕ್‌ಸ್ಟೈನ್ ಈ ಮೂವರಿಗೆ 1950ರ ನೊಬೆಲ್ ಪ್ರಶಸ್ತಿ ಬಂತು. ಆದರೆ ಹೆಚ್ಚು ದಿನ ಕೊಟ್ಟರೆ ಮುಖ ಊದುವುದು, ಮನಸ್ಸು ಕದಡುವುದು ಅಷ್ಟರಲ್ಲೇ ವೈದ್ಯರಿಗೆ ಕಂಡಿತ್ತು. ಇವತ್ತು ಆ ಔಷಧದ ಸಂಬಂಧಿಗಳಾದ ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅತ್ಯಂತ ಅಗ್ಗದ ಗುಳಿಗೆಗಳು. ನಮ್ಮ ಸಂತೆ ಊರುಗಳನ್ನೂ ಅವು ಎಂದೋ ತಲುಪಿವೆ.

ಅವು ತಲುಪುವ ರೂಪ ಒಂದು ಕಾಗದದ ಪೊಟ್ಟಣ. ಬಿಚ್ಚಿದರೆ ನಾಲ್ಕು ಗುಳಿಗೆ. ದೊಡ್ಡದೊಂದು ನೋವಿನದು, ಮತ್ತೊಂದು ಹೊಟ್ಟೆಯುರಿಗೆ, ಇನ್ನೊಂದು ಕೆಂಪು ಬಣ್ಣದ ವಿಟಮಿನ್. ನಾಲ್ಕನೆಯದು ಬೆರಳ ತುದಿಯಲ್ಲಿ ಹಿಡಿಯಲೂ ಸಿಗದಷ್ಟು ಚಿಕ್ಕದು, ಬಿಳಿ, ದುಂಡಗೆ. ಪಟ್ಟಿಯಿಂದ ಬಿಡಿಸಿಯೇ ಕೊಟ್ಟಿರುವುದರಿಂದ ಹೆಸರಿಲ್ಲ, ಪ್ರಮಾಣವಿಲ್ಲ, ಅವಧಿ ಮುಗಿಯುವ ದಿನಾಂಕವಿಲ್ಲ. ಕೆಲಸ ಮಾಡುವುದು ಮುಖ್ಯವಾಗಿ ಆ ಚಿಕ್ಕದೇ. ಮೊಣಕಾಲು ನೋವಿನ ಮುತ್ಯಾ ಮರುದಿನವೇ ಹೊಲಕ್ಕೆ ನಡೆದುಹೋಗುತ್ತಾನೆ. ಕಲ್ಲು ಪಾಲಿಶ್ ಮಾಡಿ ಧೂಳು ಕುಡಿದು ಉಬ್ಬಸ ಹತ್ತಿದವನಿಗೆ ರಾತ್ರಿ ನಿದ್ದೆ ಬರುತ್ತದೆ. ತೊಗರಿ ರಾಶಿಯ ಕಾಲದಲ್ಲಿ, ದಿನಗೂಲಿ ತಪ್ಪಿದರೆ ಒಲೆ ಹೊತ್ತದ ಮನೆಯಲ್ಲಿ, ಇಷ್ಟು ಬೇಗ ಕಾಲ ಮೇಲೆ ನಿಲ್ಲಿಸುವ ಗುಳಿಗೆಯನ್ನು ಯಾರು ಬಿಡುತ್ತಾರೆ? ದುಡಿಯುವವರನ್ನು ಇದಕ್ಕೆ ದೂರುವುದು ನ್ಯಾಯವಲ್ಲ. ರಾತ್ರಿ ಹನ್ನೊಂದಕ್ಕೂ ಬಾಗಿಲು ತೆರೆಯುವ ಆರ್‌ಎಂಪಿಯೊಬ್ಬರೇ ದಿಕ್ಕಾಗಿರುವ ಹಳ್ಳಿಗಳೂ ಇವೆ. ಆದರೆ ಹೆಸರು ಮುಚ್ಚಿಟ್ಟು ಗುಳಿಗೆ ಕೊಡುವುದು ಮಾತ್ರ ತಪ್ಪು, ದೊಡ್ಡ ತಪ್ಪು. ಸ್ಟೀರಾಯ್ಡ್ ಗುಳಿಗೆಗಳು ಕಾನೂನಿನ ಪ್ರಕಾರ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಔಷಧಗಳು.

ಒಳಗೆ ಆಗುವುದೇನು ಎಂದು ನೋಡಿ. ಹೊರಗಿನಿಂದ ಸ್ಟೀರಾಯ್ಡ್ ಬರತೊಡಗಿದರೆ ಪಿಟ್ಯುಟರಿ ಆಜ್ಞೆ ಕಳಿಸುವುದನ್ನು ನಿಲ್ಲಿಸುತ್ತದೆ. ಆಜ್ಞೆಯಿಲ್ಲದ ಅಡ್ರಿನಲ್ ಕುಗ್ಗುತ್ತದೆ. ಸುಮಾರು ಮೂರು-ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರೆಲ್ಲರಲ್ಲೂ ಈ ಸಾಧ್ಯತೆ ಇದೆ. ಪ್ರಮಾಣ ಚಿಕ್ಕದೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅರ್ಧ ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಮೂರು ಮಿಲಿಗ್ರಾಂಗೂ ಹೆಚ್ಚು ಪ್ರೆಡ್ನಿಸೋಲೋನಿಗೆ ಸಮ. ದಿನಕ್ಕೆ ಎರಡು ನುಂಗಿದರೆ ದೇಹಕ್ಕೆ ಸಹಜವಾಗಿ ಬೇಕಾದದ್ದನ್ನು ಮೀರಿಯೇ ಹೋಯಿತು.

ಆರೇಳು ತಿಂಗಳಾಗುವಷ್ಟರಲ್ಲಿ ಮುಖ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ಕತ್ತಿನ ಹಿಂದೆ ಕೊಬ್ಬು ಕೂಡುತ್ತದೆ. ಮೊದಮೊದಲು ಮನೆಯವರಿಗೆ ಸಂತೋಷ, "ಮೈ ಹಿಡದಾನ" ಎಂದು. ಆದರೆ ತೋಳು ತೊಡೆ ಸಣಕಲಾಗುತ್ತಿರುತ್ತವೆ. ನೆಲದ ಮೇಲೆ ಕೂತವರು ಕೈ ಊರದೆ ಏಳಲಾರರು. ಹೊಟ್ಟೆ, ತೊಡೆಗಳ ಮೇಲೆ ಅಗಲವಾದ ಕೆನ್ನೀಲಿ ಪಟ್ಟೆಗಳು ಬೀಳುತ್ತವೆ. ಬಳೆ ತಾಗಿದರೂ ಚರ್ಮ ನೀಲಿಗಟ್ಟುತ್ತದೆ. ಜೊತೆಗೆ ಶುಗರ್, ಬಿಪಿ, ಕಣ್ಣಿನ ಪೊರೆ, ಟೊಳ್ಳಾದ ಮೂಳೆ. ಹಳೆಯ ಕ್ಷಯ ಮತ್ತೆ ಕೆದರಬಹುದು. ಹಾರ್ವಿ ಕುಶಿಂಗ್ ಎಂಬ ಅಮೆರಿಕದ ಶಸ್ತ್ರವೈದ್ಯರು 1912ರಿಂದ ವಿವರಿಸುತ್ತ ಬಂದ ಲಕ್ಷಣಗಳಿವು. ಅವರು ಕಂಡದ್ದು ಪಿಟ್ಯುಟರಿಯಲ್ಲಿ ಗಡ್ಡೆಯಾದವರಲ್ಲಿ. ಇವತ್ತು ಜಗತ್ತಿನಾದ್ಯಂತ ಈ ರೂಪ ಕಂಡರೆ ಮೊದಲ ಕಾರಣ ಹೊರಗಿನಿಂದ ನುಂಗಿದ ಸ್ಟೀರಾಯ್ಡ್. ಹೊರಗೆ ಮೈ ತುಂಬಿದಂತೆ ಕಂಡರೂ ಒಳಗಿನ ಗ್ರಂಥಿ ಬರಿದಾಗಿರುತ್ತದೆ. ಒಂದೇ ದೇಹದಲ್ಲಿ ಎರಡು ವಿರುದ್ಧ ಕಾಯಿಲೆ.

ಅಪಾಯ ಬರುವುದು ಗುಳಿಗೆ ನಿಂತ ದಿನ. ನಮ್ಮ ಕಡೆ ಅದು ನಿಲ್ಲುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಸುಗ್ಗಿ ಮುಗಿದು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋದರೆ ಅಲ್ಲಿ ಆ ಪೊಟ್ಟಣ ಸಿಗುವುದಿಲ್ಲ. ಹೆಸರು ಗೊತ್ತಿಲ್ಲದ ಗುಳಿಗೆಯನ್ನು ಅಂಗಡಿಯಲ್ಲಿ ಕೇಳುವುದು ಹೇಗೆ? ಅಥವಾ ಓದಿದ ಮಗ ರಜೆಗೆ ಬಂದು "ಇದು ಸ್ಟೀರಾಯ್ಡ್, ಕಿಡ್ನಿ ಹೋಗ್ತದ" ಎಂದು ಒಂದೇ ಸಲಕ್ಕೆ ಎಸೆದುಬಿಡುತ್ತಾನೆ. ಕಾಳಜಿಯಿಂದಲೇ ಮಾಡಿದ್ದು, ಆದರೆ ಮಾಡಬಾರದ ಕೆಲಸ. ನಾಲ್ಕಾರು ದಿನದಲ್ಲಿ ಒಂದು ಜ್ವರವೋ ಭೇದಿಯೋ ಬಂದರೆ, ಕಾರ್ಟಿಸಾಲನ್ನು ಹೆಚ್ಚಿಸಬೇಕಾದ ಗ್ರಂಥಿ ಏಳುವುದಿಲ್ಲ. ವಾಂತಿ, ಹೊಟ್ಟೆನೋವು, ತೊದಲುವ ಮಾತು, ಎಷ್ಟು ಸಲೈನ್ ಹಾಕಿದರೂ ಮೇಲೇಳದ ಬಿಪಿ. ಇದಕ್ಕೆ ಅಡ್ರಿನಲ್ ಕ್ರೈಸಿಸ್ ಎನ್ನುತ್ತಾರೆ. ಗಂಟೆಗಳ ಲೆಕ್ಕದಲ್ಲಿ ಜೀವ ಹೋಗಬಹುದು. ಭೇದಿಯಾಗಿ ಸತ್ತರು, ಬಿಸಿಗಾಳಿ ಬಡಿದು ಸತ್ತರು ಎಂದು ಊರಿಗೆ ಊರೇ ನಂಬಿಬಿಡುತ್ತದೆ.

ಹಾಗೆಂದು ಸ್ಟೀರಾಯ್ಡ್ ಎಂಬ ಹೆಸರು ಕೇಳಿದ ಕೂಡಲೇ ಬೆಚ್ಚಿಬೀಳುವುದೂ ಸಲ್ಲ. ಮೈ ಬಾತ ಮಕ್ಕಳ ಕಿಡ್ನಿ ಕಾಯಿಲೆಗೆ, ಲೂಪಸ್‌ಗೆ, ಕುಷ್ಠರೋಗದ ರಿಯಾಕ್ಷನ್‌ಗೆ ಅದು ಬೇಕೇಬೇಕು. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ, ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳ ಜೀವವನ್ನು ಡೆಕ್ಸಾಮೆಥಾಸೋನ್ ಉಳಿಸುತ್ತದೆ ಎಂದು ತೋರಿಸಿತು. ಯಾರಿಗೆ, ಎಷ್ಟು, ಎಷ್ಟು ದಿನ ಎಂಬುದನ್ನು ತಿಳಿದ ವೈದ್ಯರು ಬರೆದುಕೊಟ್ಟರೆ ಅದು ಔಷಧ. ಉಬ್ಬಸದವರು ಬಾಯಿಗೆ ಹಿಡಿಯುವ ಪಂಪಿನಲ್ಲಿರುವ ಸ್ಟೀರಾಯ್ಡ್ ಮೈಕ್ರೋಗ್ರಾಂ ಲೆಕ್ಕದ್ದು, ಹೆಚ್ಚಿನದು ಶ್ವಾಸನಾಳದಲ್ಲೇ ಕೆಲಸ ಮಾಡುತ್ತದೆ. "ಪಂಪ್ ಚಟ ಆಗ್ತದ" ಎಂದು ಅದನ್ನು ಬಿಟ್ಟು ಮಿಲಿಗ್ರಾಂ ಲೆಕ್ಕದ ಗುಳಿಗೆ ನುಂಗುವುದು ಈ ಧೂಳಿನ ಸೀಮೆಯಲ್ಲಿ ಆಗುತ್ತಿರುವ ಬಹು ದೊಡ್ಡ ಅದಲುಬದಲು. ಬೆಳ್ಳಗಾಗಲು ಹಚ್ಚುವ ಸ್ಟೀರಾಯ್ಡ್ ಮುಲಾಮುಗಳದ್ದು ಇನ್ನೊಂದು ಕಥೆ. 2018ರಲ್ಲಿ ಕೇಂದ್ರ ಸರ್ಕಾರ ಅಂಥ ಹದಿನಾಲ್ಕು ಮುಲಾಮುಗಳನ್ನೂ ಷೆಡ್ಯೂಲ್ ಎಚ್‌ಗೆ ಸೇರಿಸಿತು. ಗಿಡಮೂಲಿಕೆ ಎಂದು ಮಾರುವ ಮಂಡಿನೋವಿನ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ಪುಡಿ ತಿಂದ ಮರುದಿನವೇ ನೋವು ಮಾಯವಾದರೆ ಸಂತೋಷಪಡುವ ಬದಲು ಸಂಶಯಪಡಬೇಕು.

ಈಗಾಗಲೇ ತಿಂಗಳುಗಟ್ಟಲೆ ತೆಗೆದುಕೊಂಡವರು ಏನು ಮಾಡಬೇಕು? ನಿಲ್ಲಿಸಬಾರದು. ಆ ಗುಳಿಗೆಯನ್ನೇ ಕೈಯಲ್ಲಿ ಹಿಡಿದು ತಾಲ್ಲೂಕು ಆಸ್ಪತ್ರೆಯ ಫಿಜಿಶಿಯನ್ ಬಳಿಗೆ, ಇಲ್ಲವೇ ಕಲಬುರಗಿಯ ಜಿಮ್ಸ್, ಇಎಸ್‌ಐಸಿ, ಬಸವೇಶ್ವರ ಆಸ್ಪತ್ರೆಯಂಥ ಕಡೆಗೆ ಹೋಗಬೇಕು. ಅವರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ದೇಹಕ್ಕೆ ಸಹಜವಾಗಿ ಬೇಕಾದ ಮಟ್ಟಕ್ಕೆ, ಅಂದರೆ ಪ್ರೆಡ್ನಿಸೋಲೋನ್ ಸುಮಾರು 5 ಮಿಲಿಗ್ರಾಂಗೆ ಬಂದ ಮೇಲೆ ಇನ್ನೂ ನಿಧಾನ. ಬೆಳಗಿನ ಕಾರ್ಟಿಸಾಲ್ ನೋಡಿ, ಗ್ರಂಥಿ ಎದ್ದಿದೆ ಎಂದು ಖಾತ್ರಿಯಾದ ಮೇಲೆ ಪೂರ್ತಿ ನಿಲ್ಲಿಸುತ್ತಾರೆ. ಇದಕ್ಕೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷವೂ ಹಿಡಿದೀತು. ಇಳಿಸುವಾಗ ಮೈಕೈ ನೋವು, ಬೇಸರ ಬರುವುದು ಸಹಜ. ಆಗ ಧೈರ್ಯ ಹೇಳುವವರು ಮನೆಯಲ್ಲಿರಬೇಕು.

ಗ್ರಂಥಿಯೇ ಹಾಳಾದ ಅಡಿಸನ್ ರೋಗಿಗಳಿಗೆ ಚಿಕಿತ್ಸೆ ಜೀವನಪರ್ಯಂತ. ದಿನಕ್ಕೆ 15ರಿಂದ 25 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್, ಎರಡು-ಮೂರು ಭಾಗವಾಗಿ, ದೊಡ್ಡ ಭಾಗ ಬೆಳಿಗ್ಗೆ ಎದ್ದ ಕೂಡಲೇ. ಈ ಗುಳಿಗೆ ಸಣ್ಣ ಊರಿನ ಮೆಡಿಕಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗದಿದ್ದರೆ ವೈದ್ಯರು ಬೆಳಿಗ್ಗೆ ಒಂದು ಹೊತ್ತು ಪ್ರೆಡ್ನಿಸೋಲೋನ್ ಬರೆಯುತ್ತಾರೆ. ಉಪ್ಪು ಹಿಡಿದಿಡಲು ಫ್ಲೂಡ್ರೋಕಾರ್ಟಿಸೋನ್. 2022ರಲ್ಲಿ ಅದನ್ನು ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಲಾಗಿದೆ. ಬೆವರು ಸುರಿಯುವ ನಮ್ಮ ಬೇಸಿಗೆಯಲ್ಲಿ ಇವರಿಗೆ ಹೆಚ್ಚು ಉಪ್ಪು ಬೇಕು. ಉಪ್ಪು ಬಿಡಿ ಎಂಬ ಬಿಪಿ ರೋಗಿಗಳ ಸಲಹೆ ಇವರಿಗೆ ಅನ್ವಯಿಸುವುದಿಲ್ಲ. ರಂಜಾನ್ ಉಪವಾಸವಾಗಲಿ, ಶ್ರಾವಣದ ಉಪವಾಸವಾಗಲಿ ವೈದ್ಯರನ್ನು ಕೇಳದೆ ಮಾಡಬಾರದು. ಇಷ್ಟು ನೋಡಿಕೊಂಡರೆ ಓದು, ಮದುವೆ, ಮಕ್ಕಳು, ದುಡಿಮೆ ಎಲ್ಲವೂ ಸಾಧ್ಯ. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನೆಡಿಯವರಿಗೆ 1947ರಲ್ಲಿ ಲಂಡನ್ನಿನಲ್ಲಿ ಅಡಿಸನ್ ಕಾಯಿಲೆ ಪತ್ತೆಯಾಗಿತ್ತು. ಅದಾದ ಹದಿಮೂರು ವರ್ಷಕ್ಕೆ ಅವರು ಚುನಾವಣೆ ಗೆದ್ದರು.

ನೆನಪಿಡಬೇಕಾದ ನಿಯಮ ಜ್ವರದ ದಿನದ್ದು. ಆರೋಗ್ಯವಂತರ ಗ್ರಂಥಿ ಜ್ವರ ಬಂದಾಗ ತಾನೇ ಹೆಚ್ಚು ಕಾರ್ಟಿಸಾಲ್ ಮಾಡುತ್ತದೆ. ಇವರು ಗುಳಿಗೆಯನ್ನೇ ದುಪ್ಪಟ್ಟು ಅಥವಾ ಮೂರು ಪಟ್ಟು ಮಾಡಿ ಎರಡು-ಮೂರು ದಿನ ತೆಗೆದುಕೊಳ್ಳಬೇಕು, ಗುಣವಾದ ಮೇಲೆ ಮೊದಲಿನ ಪ್ರಮಾಣಕ್ಕೆ ಮರಳಬೇಕು. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಕಾಯುವಂತಿಲ್ಲ, 108 ಕರೆಯಬೇಕು. ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಚುಚ್ಚುಮದ್ದು ಮತ್ತು ಸಲೈನ್, ಇವೆರಡೇ ಜೀವ ಉಳಿಸುವವು. ಪರೀಕ್ಷೆಯ ವರದಿ ಬರಲೆಂದು ಕಾಯಬಾರದು, ಒಂದು ಡೋಸಿನಿಂದ ಯಾರಿಗೂ ಕೆಡುಕಾಗುವುದಿಲ್ಲ. ಈ ಚುಚ್ಚುಮದ್ದು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಇರಬೇಕಾದ ಅವಶ್ಯಕ ಔಷಧ, ಬೆಲೆಯೂ ಕಡಿಮೆ. ಔಷಧ ಅಲ್ಲಿದ್ದೂ ರೋಗಿ ಸಾಯುವುದು ಕಾಯಿಲೆಯ ಹೆಸರು ಹೇಳುವವರು ಇಲ್ಲದ್ದರಿಂದ. ನನಗೆ ಅತ್ಯಂತ ನೋವು ಕೊಡುವ ಸಂಗತಿ ಇದು.

ದೊಡ್ಡವರಿಗಾದರೂ ಬಾಯಿದೆ. ಹಸುಗೂಸುಗಳ ವಿಷಯ ಇನ್ನೂ ಕಠಿಣ. ಹುಟ್ಟಿನಿಂದಲೇ ಅಡ್ರಿನಲ್‌ನ ಒಂದು ಕಿಣ್ವ ಇಲ್ಲದ ಮಕ್ಕಳು ಇರುತ್ತಾರೆ, ಜನ್ಮಜಾತ ಅಡ್ರಿನಲ್ ಹೈಪರ್‌ಪ್ಲೇಸಿಯಾ ಎಂದು ಹೆಸರು. ಕಾರ್ಟಿಸಾಲ್ ತಯಾರಾಗದೆ ಅದರ ಕಚ್ಚಾ ವಸ್ತುವೆಲ್ಲ ಗಂಡು ಹಾರ್ಮೋನಾಗಿ ಬದಲಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು 5,700 ಶಿಶುಗಳಿಗೆ ಒಂದರಂತೆ ಇದು ಕಂಡಿತು. ಹೆಣ್ಣುಮಗುವಾದರೆ ಜನನಾಂಗ ಗಂಡಿನಂತೆ ಕಾಣುವುದರಿಂದ ಅನುಮಾನವಾದರೂ ಬರುತ್ತದೆ. ಗಂಡುಮಗು ನೋಡಲು ಸರಿಯಾಗಿಯೇ ಇರುತ್ತದೆ. ಎರಡನೆಯ, ಮೂರನೆಯ ವಾರಕ್ಕೆ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ತೂಕ ಇಳಿದು ನೆತ್ತಿ ಗುಂಡಿ ಬೀಳುತ್ತದೆ. ದೃಷ್ಟಿ ತಾಗಿದೆ ಎಂದು ತಾಯತ ಕಟ್ಟುವಷ್ಟರಲ್ಲಿ ಕೈಮೀರುತ್ತದೆ. ಮುಂದಿನ ಮಗುವಿಗೂ ಹಾಗೇ ಆದರೆ ಮನೆಯ ಸೊಸೆಯ ಮೇಲೆ ಮಾತು ಬರುತ್ತದೆ.

ದೋಷವಿರುವುದು ತಂದೆ ತಾಯಿ ಇಬ್ಬರ ಜೀನಿನಲ್ಲೂ. ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ, ಆದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಮನೆಗಳಲ್ಲಿ ಇಬ್ಬರಿಗೂ ಅದೇ ದೋಷ ಇರುವ ಸಂಭವ ಹೆಚ್ಚು, ನಮ್ಮ ಭಾಗದಲ್ಲಿ ಇಂಥ ಮನೆಗಳು ಬಹಳ. ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಿಂದ ಹುಟ್ಟಿದ ಮೊದಲ ವಾರದಲ್ಲೇ ಪತ್ತೆ ಮಾಡಬಹುದು. ಗೋವಾ ರಾಜ್ಯ 2008ರಲ್ಲೇ ನವಜಾತ ಶಿಶುಗಳ ತಪಾಸಣೆ ಆರಂಭಿಸಿತ್ತು. ರಕ್ತಸಂಬಂಧದ ಮದುವೆ ಇಷ್ಟು ಸಾಮಾನ್ಯವಾಗಿರುವ ಕಲ್ಯಾಣ ಕರ್ನಾಟಕದ ಪ್ರತಿ ಹೆರಿಗೆ ಆಸ್ಪತ್ರೆಗೂ ಈ ಪರೀಕ್ಷೆ ಬರಬೇಕು. ಚಿಕಿತ್ಸೆ ಅದೇ ಹೈಡ್ರೋಕಾರ್ಟಿಸೋನ್, ಫ್ಲೂಡ್ರೋಕಾರ್ಟಿಸೋನ್, ಹಾಲಿನಲ್ಲಿ ಅಳೆದು ಹಾಕುವ ಚಿಟಿಕೆ ಉಪ್ಪು. ಹೆಣ್ಣುಮಗುವನ್ನು ಗಂಡೆಂದು ಬೆಳೆಸುವ, ಅಥವಾ ನಾಚಿಕೆಯಿಂದ ಮುಚ್ಚಿಡುವ ಅಗತ್ಯವಿಲ್ಲ. ಬಹುಪಾಲು ಇಂಥ ಮಕ್ಕಳಿಗೆ ಗರ್ಭಕೋಶ, ಅಂಡಾಶಯ ಸರಿಯಾಗಿಯೇ ಇರುತ್ತವೆ. ಆಪರೇಶನ್ ಬೇಕೇ, ಯಾವಾಗ ಎಂಬುದನ್ನು ಮಕ್ಕಳ ಹಾರ್ಮೋನು ತಜ್ಞರ ಜೊತೆ ಕೂತು, ಅವಸರವಿಲ್ಲದೆ ತೀರ್ಮಾನಿಸಬೇಕು.

ಅಡ್ರಿನಲ್‌ನ ಉಳಿದೆರಡು ಕಾಯಿಲೆಗಳನ್ನು ಬಿಪಿಯ ಮಾತಿನಲ್ಲಿ ಮುಗಿಸಬಹುದು. ಮೂರು ಗುಳಿಗೆ ನುಂಗಿದರೂ ಇಳಿಯದ ಬಿಪಿ, ಜೊತೆಗೆ ಪೊಟ್ಯಾಸಿಯಂ ಕಡಿಮೆ ಇದ್ದರೆ ಅಡ್ರಿನಲ್ ಅಗತ್ಯಕ್ಕಿಂತ ಹೆಚ್ಚು ಆಲ್ಡೋಸ್ಟಿರೋನ್ ಮಾಡುತ್ತಿರಬಹುದು. 1955ರಲ್ಲಿ ಜೆರೋಮ್ ಕಾನ್ ಇದನ್ನು ವಿವರಿಸಿದರು. ಅಪರೂಪ ಎಂದುಕೊಂಡಿದ್ದ ಇದು ಬಿಪಿ ಇರುವ ನೂರರಲ್ಲಿ ಐದರಿಂದ ಹತ್ತು ಜನರಲ್ಲಿ ಇರಬಹುದೆಂದು ಈಗ ತಿಳಿದಿದೆ. ಒಂದು ಕಡೆ ಗಡ್ಡೆಯಿದ್ದರೆ ದುರ್ಬೀನಿನ ಮೂಲಕ ಆ ಗ್ರಂಥಿ ತೆಗೆಯುತ್ತಾರೆ, ಎರಡೂ ಕಡೆ ಇದ್ದರೆ ಸ್ಪೈರೋನೋಲ್ಯಾಕ್ಟೋನ್ ಗುಳಿಗೆ. ಇನ್ನೊಂದು, ಅಡ್ರಿನಲಿನ್ ಸುರಿಸುವ ಒಳತಿರುಳಿನ ಗಡ್ಡೆ, ಫಿಯೋಕ್ರೋಮೋಸೈಟೋಮಾ. ಇದ್ದಕ್ಕಿದ್ದಂತೆ ತಲೆ ಸಿಡಿತ, ಬೆವರು, ಎದೆಬಡಿತ, ಗಗನಕ್ಕೇರುವ ಬಿಪಿ, ಸ್ವಲ್ಪ ಹೊತ್ತಿಗೆ ಎಲ್ಲ ಶಾಂತ. ಗಾಳಿ ಸೋಕಿದೆ ಎಂದು ದೇವರ ಮುಂದೆ ಕೂರಿಸುವ ಮುಂಚೆ ಆ ಕ್ಷಣದ ಬಿಪಿ ಅಳೆಸಿ. ಇದರ ಆಪರೇಶನ್ನಿಗೆ ಮೊದಲು ಒಂದೆರಡು ವಾರ ಪ್ರಾಜೋಸಿನ್‌ನಂಥ ಔಷಧ ಕೊಟ್ಟು ಬಿಪಿ ಹತೋಟಿಗೆ ತರಲೇಬೇಕು. ಹಾಗಾಗಿ ಅನುಭವಿ ತಂಡವಿರುವ ಬೆಂಗಳೂರು, ಹೈದರಾಬಾದ್ ಅಥವಾ ವೆಲ್ಲೂರಿನ ದೊಡ್ಡ ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ಇನ್ನು "ಅಡ್ರಿನಲ್ ಆಯಾಸ" ಎಂಬ ಹೆಸರಿನಲ್ಲಿ ಮೊಬೈಲ್ ವಿಡಿಯೊಗಳಲ್ಲಿ ಮಾರುವ ಪುಡಿ-ಮಾತ್ರೆಗಳಿಗೆ ದುಡ್ಡು ಹಾಕಬೇಡಿ. ಹಾಗೊಂದು ಕಾಯಿಲೆಯನ್ನು ಹಾರ್ಮೋನು ತಜ್ಞರ ಸಂಘಟನೆಗಳು ಒಪ್ಪಿಲ್ಲ.

ಕೊನೆಗೆ ಓದುಗರಲ್ಲಿ ಎರಡು ಬೇಡಿಕೆ. ನಿಮ್ಮ ಮನೆಯಲ್ಲಿ ಯಾರಾದರೂ ಪೊಟ್ಟಣದ ಗುಳಿಗೆ ನುಂಗುತ್ತಿದ್ದರೆ ಕೊಟ್ಟವರಲ್ಲಿ ಗುಳಿಗೆಯ ಹೆಸರು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. "ಯಪ್ಪಾ, ಇದರ ಹೆಸರೇನ್ರಿ, ಎಷ್ಟ್ ದಿನ ತಗೋಬೇಕ್ರಿ" ಎಂದು ಕೇಳುವುದರಲ್ಲಿ ಯಾರ ಮರ್ಯಾದೆಯೂ ಹೋಗುವುದಿಲ್ಲ. ಸ್ಟೀರಾಯ್ಡ್ ಎಂದು ತಿಳಿದರೆ ಒಮ್ಮೆಲೇ ನಿಲ್ಲಿಸದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಎರಡನೆಯದು, ದಿನವೂ ಸ್ಟೀರಾಯ್ಡ್ ಬೇಕಾದವರ ಜೇಬಿನಲ್ಲಿ ಒಂದು ಕಾರ್ಡ್ ಇರಲಿ. ಸೇಡಂ ಭಾಗದವರು ತಾಂಡೂರು, ಹೈದರಾಬಾದಿಗೂ ಓಡಾಡುವುದರಿಂದ ಕನ್ನಡದ ಜೊತೆಗೆ ತೆಲುಗು, ಇಂಗ್ಲಿಷ್‌ನಲ್ಲೂ ಬರೆಸಿ. ಅದರಲ್ಲಿ ಇಷ್ಟಿದ್ದರೆ ಸಾಕು: "ನನ್ನ ಅಡ್ರಿನಲ್ ಗ್ರಂಥಿ ಕೆಲಸ ಮಾಡುವುದಿಲ್ಲ. ನಾನು ಪ್ರತಿದಿನ ಸ್ಟೀರಾಯ್ಡ್ ತೆಗೆದುಕೊಳ್ಳುತ್ತೇನೆ. ನಾನು ಪ್ರಜ್ಞೆ ತಪ್ಪಿದ್ದರೆ, ವಾಂತಿ ಮಾಡುತ್ತಿದ್ದರೆ, ಗಾಯಗೊಂಡಿದ್ದರೆ ತಕ್ಷಣ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಚುಚ್ಚುಮದ್ದು ಕೊಡಿ, ಸಲೈನ್ ಹಾಕಿ."